ಪೂಜೆಗೆ ಕೂತ ತೋಟಾಪಟ್ಟಿ

ಆ ಸುದ್ದಿ ಬಂದಾಗ ನಾನು ಅಡುಗೆಮನೆಯ ನೆಲದ ಮೇಲೆ ಕೂತು ದೀಪದ ಕಂಬಗಳನ್ನು ಹುಣಸೆಹಣ್ಣಿನಲ್ಲಿ ತಿಕ್ಕುತ್ತಿದ್ದೆ. ನವರಾತ್ರಿ ಹತ್ತಿರ ಬಂದಿತ್ತು. ನಾವಾಗ ಇದ್ದದ್ದು ಅರಬ್ಬರ ದೇಶದ ಫಿಂಟಾಸಿನಲ್ಲಿ; ಅಲ್ಲಿನ ಸಮುದ್ರದ ಗಾಳಿಗೆ ಹಿತ್ತಾಳೆ ಮೇಲಿಂದ ಮೇಲೆ ಮುಖ ಸಿಂಡರಿಸುತ್ತದೆ. ಹಬ್ಬಕ್ಕಾದರೂ ಅದನ್ನು ನಗಿಸಬೇಕಲ್ಲ. ನಮ್ಮವರು ಮೆಟ್ಟಿಲು ಹತ್ತಿ ಬಂದವರೇ, ಶೂ ಕೂಡ ಬಿಚ್ಚದೆ, "ಲೇ, ಒಂದು ಬಂದೂಕಿನ ರಿಪೇರಿ ಒಪ್ಪಿಕೊಂಡು ಬಂದಿದೀನಿ" ಎಂದರು.

ನಮ್ಮವರು ಸಮುದ್ರದ ನೀರನ್ನು ಸಿಹಿನೀರು ಮಾಡುವ ಕಾರ್ಖಾನೆಯಲ್ಲಿ ಎಂಜಿನಿಯರು. ಅಷ್ಟು ದೊಡ್ಡ ಸಮುದ್ರವನ್ನು ಬಗ್ಗಿಸುವ ಮನುಷ್ಯ, ಮನೆಯ ನಲ್ಲಿ ತೊಟ್ಟಿಕ್ಕಿದರೆ ಮಾತ್ರ "ವಾಷರ್ ಸಿಗಬೇಕಲ್ಲ" ಎಂದು ಪೇಪರ್ ಹಿಡಿಯುತ್ತಾರೆ. ಇಂಥವರು ಬಂದೂಕು ರಿಪೇರಿ ಮಾಡುವುದೆಂದರೆ!

"ಬಂದೂಕಿನ ವಿಷಯ ನಿಮಗೇನು ಗೊತ್ತು?" ಅಂದೆ.

"ಎನ್‌ಸಿಸಿ" ಅಂದರು, ಎದೆ ಸ್ವಲ್ಪ ಮುಂದೆ ಮಾಡಿ.

ಅವರ ಎನ್‌ಸಿಸಿ ನನಗೆ ಗೊತ್ತಿಲ್ಲದ್ದೇನಲ್ಲ. ಮೈಸೂರಿನಲ್ಲಿ ಓದುವಾಗ ಪರೇಡ್ ಮುಗಿದ ಮೇಲೆ ಕೊಡುತ್ತಿದ್ದ ಮಸಾಲೆದೋಸೆಗೋಸ್ಕರ ಹೋಗುತ್ತಿದ್ದರೆಂದು ನಮ್ಮ ಅತ್ತೆಯೇ ಹೇಳಿದ್ದರು. ಆದರೂ ಗಂಡನ ಎದೆ ಮುಂದೆ ಬಂದಾಗ ಅದನ್ನು ಹಿಂದಕ್ಕೆ ತಳ್ಳಬಾರದು. ದೀಪದ ಕಂಬ ಬದಿಗಿಟ್ಟು ವಿಷಯ ಏನೆಂದು ಕೇಳಿದೆ.

ನಮ್ಮ ಮನೆಯ ಮಾಲೀಕ ಅಬು ಖಾಲಿದ್ ಕೆಳಗಿನ ಮನೆಯಲ್ಲಿದ್ದರು, ನಾವು ಮಹಡಿಯಲ್ಲಿ. ಅವರ ಮಗ ಖಾಲಿದನ ಮದುವೆ ಗೊತ್ತಾಗಿತ್ತು. ಅವರಲ್ಲಿ ಮದುವೆಯ ದಿನ ಗಂಡಸರು ಕತ್ತಿ ಹಿಡಿದು ಎರಡು ಸಾಲಾಗಿ ನಿಂತು, ತಮಟೆಗೆ ಮೆಲ್ಲಗೆ ಹೆಜ್ಜೆ ಹಾಕುತ್ತಾರೆ. ಅದಕ್ಕೆ ಅರ್ದಾ ಎನ್ನುತ್ತಾರೆ. ಆ ಕುಣಿತದ ನಡುವೆ ಮನೆಯ ಹಿರಿಯ ಆಕಾಶಕ್ಕೆ ಬಂದೂಕು ಹಾರಿಸಬೇಕು. ಆ ಮನೆಯ ಹಿರಿಯನೆಂದರೆ ಅಬು ಖಾಲಿದ್‌ನ ಅಪ್ಪ. ನಾವೆಲ್ಲ ಅಜ್ಜ ಎಂದೇ ಕರೆಯುತ್ತಿದ್ದೆವು. ಪ್ರಾಯದಲ್ಲಿ ಬಸ್ರಾದ ಸಂತೆಯಲ್ಲಿ ಕೊಂಡ ಒಂದು ತ್ರೀ-ನಾಟ್-ತ್ರೀ ಅಜ್ಜನ ಹತ್ತಿರ ಇತ್ತು. ಇಂಗ್ಲಿಷರ ಸೈನ್ಯ ಬಳಸಿ ಬಿಟ್ಟ ಮಾಲು. ನಮ್ಮ ಊರಿನ ಪೊಲೀಸರ ಹೆಗಲ ಮೇಲೆ ಇರುತ್ತಿತ್ತಲ್ಲ, ಅದೇ ಜಾತಿಯದು. ತೋಟಾಗಳು ಮುಂದೆ ಗುಂಡಿಲ್ಲದ, ಬರೀ ಸದ್ದಿನವು. ತೊಂದರೆ ಇದ್ದದ್ದು ಬಂದೂಕಿನಲ್ಲೂ ಅಲ್ಲ, ತೋಟಾದಲ್ಲೂ ಅಲ್ಲ. ತೋಟಾ ತುಂಬುವ ಪಟ್ಟಿಗಳಲ್ಲಿ.

ನಮ್ಮವರು ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ತೆಗೆದು ತೋರಿಸಿದರು. ಬೆರಳುದ್ದದ ಉಕ್ಕಿನ ತಗಡು. ಎರಡೂ ಅಂಚು ಒಳಕ್ಕೆ ಮಡಿಸಿ ಒಂದು ಪುಟ್ಟ ಕಾಲುವೆ ಮಾಡಿದೆ. ಆ ಕಾಲುವೆಯಲ್ಲಿ ಐದು ತೋಟಾಗಳ ಬುಡ ಸಿಕ್ಕಿಸಿ, ಬಂದೂಕಿನ ಮೇಲೆ ನಿಲ್ಲಿಸಿ, ಹೆಬ್ಬೆರಳಲ್ಲಿ ಒತ್ತಿದರೆ ಐದೂ ಸರ್ರನೆ ಒಳಗೆ ಇಳಿಯಬೇಕು, ಖಾಲಿ ಪಟ್ಟಿ ಕೈಯಲ್ಲಿ ಉಳಿಯಬೇಕು. ಅಜ್ಜನ ಪಟ್ಟಿಗಳು ಎಷ್ಟು ತುಕ್ಕು ಹಿಡಿದಿದ್ದವೆಂದರೆ ಒತ್ತಿದ ಹೆಬ್ಬೆರಳಲ್ಲಿ ರಕ್ತ ಬಂದಿತ್ತೇ ಹೊರತು ತೋಟಾ ಕದಲಿರಲಿಲ್ಲ.

"ಒಂದೊಂದೇ ತೋಟಾ ಕೈಯಲ್ಲಿ ತುಂಬಿದರಾಗಲ್ವೇ?"

"ಅಜ್ಜನ ಬೆರಳು ನಡುಗುತ್ತಲ್ಲೇ. ಒಂದೊಂದೇ ಹಾಕ್ತಾ ಕೂತರೆ ಕುಣಿಯೋರು ಮನೆಗೆ ಹೋಗ್ತಾರೆ."

"ಮಗ ತುಂಬಿ ಕೊಡಲಿ."

"ಅದನ್ನೂ ಹೇಳಿದರು. 'ನನ್ನ ಬಂದೂಕಿಗೆ ಇನ್ನೊಬ್ಬರ ಕೈತುತ್ತು ಬೇಡ' ಅಂದನಂತೆ ಅಜ್ಜ."

ನನಗೆ ಅಜ್ಜನ ಮೇಲೆ ಆ ಕ್ಷಣವೇ ಗೌರವ ಬಂತು. ಆಮೇಲೆ ನಮ್ಮವರು ದನಿ ತಗ್ಗಿಸಿ ಹೇಳಿದ್ದು ಕೇಳಿ ಮನಸ್ಸಿಗೆ ಕಸಿವಿಸಿಯೂ ಆಯಿತು. ಅಬು ಖಾಲಿದ್ ಬಂದೂಕಿಗೆಂದು ಒಂದು ಗಾಜಿನ ಕಪಾಟು ಮಾಡಿಸಿಯಾಗಿತ್ತು. ಪಟ್ಟಿ ಸರಿಹೋದರೆ ಅಜ್ಜ ಮೊಮ್ಮಗನ ಮದುವೆಯಲ್ಲಿ ಹಾರಿಸಬಹುದು. ಇಲ್ಲವಾದರೆ, ನಾಲ್ಕು ಜನರ ಮುಂದೆ ನಗೆಪಾಟಲಾಗುವುದು ಬೇಡ, ಬಂದೂಕು ಕಪಾಟಿಗೆ, ಅಜ್ಜ ಕುರ್ಚಿಗೆ. ಖಲಾಸ್.

ಡಬ್ಬಿ ತಗೊಂಡೆ. ಹುಣಸೆಹಣ್ಣು ಹೇಗೂ ನೆನೆದಿತ್ತು. ದೀಪದ ಕಂಬಗಳ ಜೊತೆ ಅವುಗಳಿಗೂ ಸ್ನಾನವಾಯಿತು. ತುಕ್ಕೆಲ್ಲ ಕೆಂಪು ನೀರಾಗಿ ಹೋಗಿ, ಪಟ್ಟಿಗಳು ಬೀಗರ ಮನೆಗೆ ಹೊರಟ ಹೆಣ್ಣುಮಕ್ಕಳ ಹಾಗೆ ಥಳಥಳಿಸಿದವು. ನಮ್ಮವರು ಅವನ್ನು ಹಿಡಿದು ಕೆಳಗೆ ಓಡಿದರು. ಬಂದೂಕು ಮಾತ್ರ ಮಹಡಿ ಹತ್ತಕೂಡದೆಂದು ನಾನು ಮೊದಲೇ ಕಟ್ಟುನಿಟ್ಟು ಮಾಡಿದ್ದೆ; ಅದೊಂದು ಮಾತು ನಡೆಯಿತೆನ್ನುವುದು ಆ ವಾರದ ನನ್ನ ಮೊದಲ ಪುಣ್ಯ.

ಕೆಳಗೆ ಗಂಡಸರು ಕಾಫಿ ಕುಡಿದು ಕಾಲ ಕಳೆಯುವ ದೊಡ್ಡ ಕೋಣೆ ಇತ್ತು, ಅದಕ್ಕೆ ದಿವಾನಿಯಾ ಎನ್ನುತ್ತಾರೆ. ಅಲ್ಲಿ ಅಜ್ಜ ಪಟ್ಟಿಗೆ ಐದು ತೋಟಾ ಸಿಕ್ಕಿಸಿ ಎತ್ತಿದ್ದೇ ತಡ, ಐದೂ ಜಾರಿ ಕಂಬಳಿಯ ಮೇಲೆ ಉರುಳಿದವಂತೆ. ಒಂದು ಯಾರದೋ ಕಾಫಿ ಬಟ್ಟಲಿಗೆ ಬಡಿಯಿತಂತೆ. ತುಕ್ಕಿಗೆ ಅಂಟಿಕೊಂಡು ಅದೆಷ್ಟು ವರ್ಷ ಬಿಗಿಯಾಗಿದ್ದವೋ, ತುಕ್ಕು ಹೋದ ಮೇಲೆ ನಿಜವಾದ ಸವಕಲು ಬಯಲಾಗಿತ್ತು. ಮನುಷ್ಯರಲ್ಲೂ ಕೆಲವರು ಹೀಗೆ. ಕೋಪ ತೆಗೆದುಬಿಟ್ಟರೆ ಒಳಗೆ ಹಿಡಿದು ನಿಲ್ಲಿಸುವುದೇನೂ ಇರುವುದಿಲ್ಲ. ಬಂದವರು ಮೀಸೆಯಲ್ಲಿ ನಕ್ಕರಂತೆ. ಅಜ್ಜ ನಗಲಿಲ್ಲವಂತೆ.

ನಮ್ಮವರು ಇಕ್ಕಳ ಹಿಡಿದರು. ಅಂಚುಗಳನ್ನು ಅಷ್ಟಷ್ಟೇ ಅಮುಕಿದರು. ಈಗ ತೋಟಾ ಒಳಗೇ ಹೋಗಲಿಲ್ಲ. ಹೋದದ್ದು ಹೊರಗೆ ಬರಲಿಲ್ಲ. ಆ ವಾರ ನಮ್ಮ ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಭರಣಿಯ ಪಕ್ಕ ಖಾಲಿ ತೋಟಾಗಳು ಸಾಲಾಗಿ ನಿಂತಿರುತ್ತಿದ್ದವು. ನಮ್ಮವರು ಒಂದು ತುತ್ತು ಅನ್ನಕ್ಕೆ ಒಂದು ಸಲ ಒತ್ತುವುದು, "ಹಾಳಾದ್ದು" ಅನ್ನುವುದು. ಮಗಳು ವಾಣಿಗೆ ಆಗ ಎಂಟು ವರ್ಷ. "ಅಪ್ಪನಿಗೆ ಬೆರಳು ನೋಯುತ್ತೆ, ಎಣ್ಣೆ ತಗೊಂಡು ಬಾಮ್ಮ" ಅಂದರೆ, "ವೈ ಡೋಂಟ್ ಯೂ ಜಸ್ಟ್ ಬೈ ನ್ಯೂ ಒನ್ಸ್?" ಎನ್ನುತ್ತಿದ್ದಳು. ಆ ದೇಶದಲ್ಲಿ ಹುಟ್ಟಿದ ಮಕ್ಕಳಿಗೆ ಎಲ್ಲಕ್ಕೂ ಅದೇ ಉತ್ತರ.

ಆ ಪಟ್ಟಿಯ ಇನ್ನೊಂದು ಮರ್ಮ ಆಗ ತಿಳಿಯಿತು. ತೋಟಾದ ಬುಡಕ್ಕೆ ಲೋಟದ ಕಂಠದ ಹಾಗೆ ಒಂದು ಅಂಚು ಇರುತ್ತದೆ. ಒಂದರ ಅಂಚು ಇನ್ನೊಂದರ ಹಿಂದೆ ಸಿಕ್ಕಿಕೊಂಡರೆ ಇಡೀ ಸಾಲೇ ಮುಷ್ಕರ ಹೂಡುತ್ತದೆ. ಮೂರು ಜನರ ಸೀಟಿನಲ್ಲಿ ಐದು ಜನ ಕೂರಬೇಕಾದಾಗ ನಮ್ಮೂರ ಬಸ್ಸಿನಲ್ಲಿ ಏನು ಮಾಡುತ್ತೇವೆ? ಒಬ್ಬರು ಮುಂದೆ, ಒಬ್ಬರು ಹಿಂದೆ, ಮತ್ತೊಬ್ಬರು ಮುಂದೆ. ಹಾಗೇ ಇವನ್ನೂ ಒಂದು ಮುಂದೆ ಒಂದು ಹಿಂದೆ ಕೂರಿಸಬೇಕು. ಅಜ್ಜನಿಗೆ ಈ ಪಾಠ ಬಾಯಿಪಾಠ; ನಮ್ಮವರು ಮಾತ್ರ ಅದನ್ನು ತಾವೇ ಕಂಡುಹಿಡಿದ ಹಾಗೆ ನನಗೆ ವಿವರಿಸಿದರು. ನಾನೂ ಮೊದಲ ಸಲ ಕೇಳಿದ ಹಾಗೆ ಹೂಂಗುಟ್ಟಿದೆ. ಸಂಸಾರದಲ್ಲಿ ಇದೂ ಒಂದು ಎಣ್ಣೆ.

ಎಣ್ಣೆ ಎಂದಾಗ ಹಸನಬ್ಬನ ನೆನಪಾಗುತ್ತದೆ. ನಮ್ಮ ಬೀದಿಯ ಕೊನೆಯಲ್ಲಿ ಅವನ ಪುಟ್ಟ ದಿನಸಿ ಅಂಗಡಿ. ಉಳ್ಳಾಲದ ಕಡೆಯ ಬ್ಯಾರಿ. ನನಗೆ ವೀಳ್ಯದೆಲೆ, ಬಾಳೆಕಾಯಿ ಎಲ್ಲಿಂದಲಾದರೂ ತಂದುಕೊಡುವ ಪುಣ್ಯಾತ್ಮ. ಕತೆ ಕೇಳಿ, "ಎಂತ ಅಕ್ಕ ನೀವು, ಇಷ್ಟಕ್ಕೆ ತಲೆ ಬಿಸಿ ಮಾಡ್ಲಿಕ್ಕುಂಟಾ? ತೆಂಗಿನೆಣ್ಣೆ ಬಿಡಿ ಮಾರಾಯ್ರೆ. ನಾನು ಬಾಗಿಲಿಗೆ ಬಿಟ್ಟಿದ್ದೇನೆ, ತಕ್ಕಡಿಗೆ ಬಿಟ್ಟಿದ್ದೇನೆ, ನನ್ನ ಅತ್ತೆಯ ಮೊಣಕಾಲಿಗೂ ಬಿಟ್ಟಿದ್ದೇನೆ" ಎಂದ.

"ಅತ್ತೆಗೆ ಗುಣವಾಯಿತೇ?"

"ಈಗ ಅವರು ನಮ್ಮನೆಗೆ ನಡ್ಕೊಂಡೇ ಬರ್ತಾರೆ" ಎಂದು ನಿಟ್ಟುಸಿರು ಬಿಟ್ಟ.

ನಮ್ಮವರು ಇಕ್ಕಳದಲ್ಲಿ ಅಮುಕಿದ್ದನ್ನು ಸ್ಕ್ರೂಡ್ರೈವರಿನಲ್ಲಿ ಸಡಿಲಿಸಿ, ತೆಂಗಿನೆಣ್ಣೆ ಬಿಟ್ಟರು. ತೋಟಾಗಳು ಒಗ್ಗರಣೆಯ ಸಾಸಿವೆಯ ಹಾಗೆ ಚಿಮ್ಮಿದವು. ಒಂದು ನನ್ನ ಸಾರಿನ ಪಾತ್ರೆಗೇ ಬಿತ್ತು. ಆ ದಿನ ಸಾರು ಚೆಲ್ಲಿದೆ. ಖಾಲಿ ತೋಟಾ ಹೊಕ್ಕ ಸಾರನ್ನು ಬಡಿಸುವ ಧೈರ್ಯ ನನಗಿಲ್ಲ. ಮರುದಿನ ಎಣ್ಣೆ ಹೋಗುವ ಹಾಗೆ ಸೀಗೆಪುಡಿಯಲ್ಲಿ ಪಟ್ಟಿ ತೊಳೆದರು. ಸವಕಲು ಹಾಗೆಯೇ ಇತ್ತು. ಕೊನೆಗೆ ಕೈಚೆಲ್ಲಿ, ಡಬ್ಬಿಯ ಸಮೇತ ತಮ್ಮ ಉಪಕರಣದ ಪೆಟ್ಟಿಗೆಗೆ ಹಾಕಿ, "ಮದುವೆ ದಿನ ಆಫೀಸಿಂದ ಬಂದು ಇನ್ನೊಂದು ಕೈ ನೋಡ್ತೀನಿ" ಎಂದರು.

ಆ ಮದುವೆ ಬಿದ್ದದ್ದು ಗುರುವಾರ, ಅದೂ ಆಯುಧಪೂಜೆಯ ದಿನವೇ.

ನಮ್ಮ ದೇವಿಯ ಕೈಗಳನ್ನು ನೋಡಿದಾಗೆಲ್ಲ ನನಗೊಂದು ಯೋಚನೆ ಬರುತ್ತದೆ. ಚಕ್ರ, ತ್ರಿಶೂಲ, ಖಡ್ಗ, ಗದೆ. ಚಕ್ರ ಬಿಟ್ಟರೆ ತಾನೇ ಹಿಂದಿರುಗುತ್ತದೆ. ಖಡ್ಗಕ್ಕೆ ಏನನ್ನೂ ತುಂಬಬೇಕಾಗಿಲ್ಲ. ಬತ್ತಳಿಕೆಯಂತೂ ಬರಿದಾಗುವುದೇ ಇಲ್ಲ. ಅಷ್ಟು ಕೈಗಳಿದ್ದೂ ಪಟ್ಟಿ ಹಿಡಿದು ಒತ್ತುವ ತಾಪತ್ರಯದ ಆಯುಧ ಒಂದನ್ನೂ ಆ ತಾಯಿ ಆರಿಸಿಕೊಳ್ಳಲಿಲ್ಲ. ಹೆಂಗಸಿನ ಬುದ್ಧಿ. ನಮ್ಮ ಆಯುಧಗಳೇ ಬೇರೆ: ಈಳಿಗೆಮಣೆ, ತುರಿಮಣೆ, ಹೊಲಿಗೆಯಂತ್ರ, ಮಿಕ್ಸಿ, ಮೆಟ್ಟಿಲ ಕೆಳಗಿನ ಕಾರು. ವರ್ಷವಿಡೀ ನಮ್ಮ ಬೈಗುಳ ತಿಂದು ದುಡಿಯುವ ಇವಕ್ಕೆ ಒಂದು ದಿನ ಗಂಧ, ಕುಂಕುಮ, ಹೂವು, ರಜೆ. ಹೌದು, ರಜೆಯೇ ಮುಖ್ಯ. ಪೂಜೆಗೆ ಕೂತ ವಸ್ತುವನ್ನು ಮಾರನೆಯ ದಿನ, ವಿಜಯದಶಮಿಯಂದು, ಮಂಗಳಾರತಿ ಮಾಡಿ ಕದಲಿಸುವವರೆಗೆ ಮುಟ್ಟಬಾರದು. ನಮ್ಮ ಮನೆಯಲ್ಲಿ ಆ ದಿನ ತೆಂಗಿನಕಾಯಿ ಕೂಡ ಹಿಂದಿನ ದಿನವೇ ತುರಿದಿಟ್ಟಿರುತ್ತೇನೆ.

ನಮ್ಮವರು ಬೆಳಿಗ್ಗೆ ಬೇಗ ಸ್ನಾನ ಮಾಡಿ, ಅರೆಗಣ್ಣಿನಲ್ಲಿ ಮಂತ್ರ ಹೇಳಿ, ಗಂಟೆ ಬಾರಿಸಿ ಆಫೀಸಿಗೆ ಹೋದರು. ಉಪಕರಣದ ಪೆಟ್ಟಿಗೆಯ ಮುಚ್ಚಳಕ್ಕೆ ಒಂದು ಬೊಟ್ಟು ಇಟ್ಟಿದ್ದರು, ಅಷ್ಟೇ. ಹೋದ ಮೇಲೆ ನನಗೆ ಸಮಾಧಾನವಾಗಲಿಲ್ಲ. ಪೆಟ್ಟಿಗೆಗೆ ಮಾತ್ರ ಕುಂಕುಮ ಇಟ್ಟು ಒಳಗಿದ್ದವರನ್ನು ಬಿಟ್ಟರೆ, ಸಂಸಾರಸಮೇತ ಬಂದವರಲ್ಲಿ ಯಜಮಾನನಿಗೆ ಮಾತ್ರ ಕಾಫಿ ಕೊಟ್ಟ ಹಾಗಲ್ಲವೇ? ಮುಚ್ಚಳ ತೆಗೆದೆ. ಸುತ್ತಿಗೆ, ಇಕ್ಕಳ, ಸ್ಪ್ಯಾನರು, ಎಲ್ಲರನ್ನೂ ಹೊರಗೆ ಕೂರಿಸಿ ಗಂಧ ಹಚ್ಚಿದೆ. ಬಿಸ್ಕತ್ತಿನ ಡಬ್ಬಿಯೂ ಕಂಡಿತು. ಆ ಪಾಪದವು ಆ ವಾರ ಪಟ್ಟ ಪಾಡೇನು ಕಮ್ಮಿಯೇ? ಒಂದೊಂದು ಪಟ್ಟಿಯನ್ನೂ ಎತ್ತಿ, ಅದರ ಪುಟ್ಟ ಕಾಲುವೆಯುದ್ದಕ್ಕೂ ತೇದ ಗಂಧದ ಬೆರಳು ಎಳೆದು, ಬೆನ್ನಿಗೆ ಕುಂಕುಮವಿಟ್ಟು, ಸಾಲಾಗಿ ಮಲಗಿಸಿ, "ತಾಯಿ, ಇವಕ್ಕೂ ಒಳ್ಳೆ ಬುದ್ಧಿ ಕೊಡು" ಎಂದೆ.

ಮಧ್ಯಾಹ್ನ ನಮ್ಮವರು ಬಂದರು. "ಪಟ್ಟಿ ಎಲ್ಲಿ?"

"ಪೂಜೆಗೆ ಕೂತಿವೆ."

"ಕೂತಿವೆ ಅಂದ್ರೆ?"

"ನಾಳೆ ಏಳ್ತವೆ."

ಅವರು ದೇವರಮನೆಯ ಬಾಗಿಲಲ್ಲಿ ನಿಂತು, ಹೂವಿನ ಕೆಳಗೆ ಮಲಗಿದ್ದ ಪಟ್ಟಿಗಳನ್ನು ನೋಡಿ ತಲೆ ಮೇಲೆ ಕೈ ಹೊತ್ತರು. "ಸಾಯಂಕಾಲ ಮದುವೆ ಕಣೇ! ಅಜ್ಜ ಕಾಯ್ತಾ ಇದಾನೆ."

"ದೇವರೂ ಕಾಯ್ತಾ ಇದಾನಲ್ಲ."

"ನೀನು ದೇವರಿಗೆ ನಾಳೆ ಹೇಳ್ಕೋ. ಅಜ್ಜನಿಗೆ ನಾನು ಈಗ ಏನು ಹೇಳಲಿ?"

ಅಷ್ಟರಲ್ಲಿ ಅಬು ಖಾಲಿದ್ ತಾವೇ ಮೆಟ್ಟಿಲು ಹತ್ತಿ ಬಂದರು. ಬಾಗಿಲಾಚೆ ಚಪ್ಪಲಿ ಬಿಟ್ಟು, ಹೊಸ ಬಿಳಿ ನಿಲುವಂಗಿಯಲ್ಲಿ, ಮದುವೆಮನೆಯ ಯಜಮಾನನ ಆತುರದಲ್ಲಿ, "ಯಲ್ಲಾ, ಯಲ್ಲಾ" ಎಂದು ಅವಸರ ಮಾಡಿದರು. ನಮ್ಮವರು ಅರಬ್ಬೀ, ಇಂಗ್ಲಿಷು, ಕೈಸನ್ನೆ ಮೂರನ್ನೂ ಕಲಸಿ ವಿವರಿಸಿದರು: ಇಂದು ನಮ್ಮ ಹಬ್ಬ, ಪಟ್ಟಿಗಳು ದೇವರ ಮುಂದೆ ವಿಶ್ರಾಂತಿಯಲ್ಲಿವೆ, ನನ್ನ ಹೆಂಡತಿ ಏಳಿಸುವುದಿಲ್ಲ. ದೇವರ ವಿಷಯವೆಂದ ಮೇಲೆ ಬಲವಂತ ಮಾಡುವ ಮನುಷ್ಯನಲ್ಲ ಅಬು ಖಾಲಿದ್. ಆಮೇಲೆ ನಿಧಾನವಾಗಿ, ನನಗೂ ಅರ್ಥವಾಗಲೆಂದು ಮುರುಕು ಹಿಂದಿಯಲ್ಲಿ ಹೇಳಿದರು: "ಬಾಬಾ ಸುಬಹ್ ಸೇ ತಯ್ಯಾರ್. ಕುರ್ಸಿ. ಬಂದೂಕ್ ಇಧರ್." ತಮ್ಮ ಮೊಣಕಾಲು ಮುಟ್ಟಿ ತೋರಿಸಿದರು. ಮತ್ತೆ ಅರಬ್ಬೀಯಲ್ಲಿ "ಮಾಲೇಶ್, ಮಾಲೇಶ್" ಎಂದು, "ಪರವಾಗಿಲ್ಲ, ಗಾಜಿನ ಕಪಾಟಿದೆ" ಎನ್ನುವ ಅರ್ಥದಲ್ಲಿ ಕೈಯಾಡಿಸಿ ಇಳಿಯಲು ಹೊರಟರು.

ಬೆಳಗಿನಿಂದ ಸಿದ್ಧವಾಗಿ, ಮೊಣಕಾಲ ಮೇಲೆ ಬಂದೂಕಿಟ್ಟುಕೊಂಡು ಕುರ್ಚಿಯಲ್ಲಿ ಕೂತ ಅಜ್ಜ. ದೇವರಮನೆಯ ಕಡೆ ತಿರುಗಿದೆ. ಆಯುಧವನ್ನು ಪೂಜಿಸುವುದು ಅದನ್ನು ಹಿಡಿದವನ ಕೈ ನಡುಗದಿರಲಿ ಎಂದಲ್ಲವೇ? ಹಾಗಿದ್ದ ಮೇಲೆ ನಡುಗುವ ಕೈಯವನನ್ನು ಕೂರಿಸಿ ಆಯುಧವನ್ನು ಮಲಗಿಸಿದರೆ ಆ ತಾಯಿ ಒಪ್ಪಿಯಾಳೇ? ಒಪ್ಪುವುದಿಲ್ಲವೆಂದು ನನಗೇಕೋ ಖಾತ್ರಿಯಾಯಿತು. ಒಪ್ಪಿದರೂ, ಪಟ್ಟಿಗಳನ್ನು ಏಳಿಸಿದ್ದಕ್ಕೆ ಬೈಯಲು ಅವಳು ನಮ್ಮ ಅತ್ತೆಯೇನಲ್ಲ.

"ನಿಲ್ಲಿಸಿ ಅವರನ್ನು" ಅಂದೆ.

ಕರ್ಪೂರ ಹಚ್ಚಿದೆ. ಮಿಕ್ಕವನ್ನೆಲ್ಲ ಅವವುಗಳ ಜಾಗದಲ್ಲೇ ಬಿಟ್ಟು, ಪಟ್ಟಿಗಳಿಗೆ ಮಾತ್ರ ಮಂಗಳಾರತಿ ಎತ್ತಿ, ಅವನ್ನು ಉತ್ತರಕ್ಕೆ ಒಂದು ಎಳ್ಳಿನಷ್ಟು ಕದಲಿಸಿ, "ಅಮ್ಮಾ, ಇವರಿಗೆ ಇವತ್ತು ಡ್ಯೂಟಿ ಇದೆ, ಮಿಕ್ಕವರು ನಾಳೆ ಏಳ್ತಾರೆ" ಎಂದು ಕೈಮುಗಿದೆ. ಒರೆಸಲು ಸಮಯವಿರಲಿಲ್ಲ, ಹೊಸ ರವಿಕೆಕಣದಲ್ಲಿ ಸುತ್ತಿ ಕೊಟ್ಟೆ. ಪರಧರ್ಮದವರಿಗೆ ಮುಜುಗರವಾದೀತೆಂದು ನಮ್ಮವರು ಮೆಟ್ಟಿಲಿಳಿಯುತ್ತ ಬೆನ್ನ ಮೇಲಿನ ಕುಂಕುಮವನ್ನು ಹೆಬ್ಬೆರಳಿನಿಂದ ತೀಡಿ ತೆಗೆದರು. ಕಾಲುವೆಯ ಗಂಧ ಒಳಗೇ ಒಣಗಿ ಕೂತಿತ್ತು, ಅದು ಅವರ ಕಣ್ಣಿಗೆ ಬೀಳಲಿಲ್ಲ.

ಅಜ್ಜ ಪಟ್ಟಿಯನ್ನು ಕೈಗೆ ತಗೊಂಡವನು ಮೊದಲು ಮೂಗಿನ ಹತ್ತಿರ ಹಿಡಿದನಂತೆ. "ಸಂದಲ್!" ಎಂದನಂತೆ. ಮದುವೆಯ ದಿನ ಅವರು ಬಟ್ಟೆಗೆ, ಗಡ್ಡಕ್ಕೆ, ಬಂದವರ ಕೈಗೆಲ್ಲ ಸುಗಂಧ ಹಾಕುತ್ತಾರೆ. ಮಹಡಿಯ ಮನೆಯ ಹೆಂಗಸು ಬಂದೂಕಿನ ಪಟ್ಟಿಗೂ ಹಾಕಿ ಕಳಿಸಿದ್ದಾಳೆ, ಇಂಥ ಮರ್ಯಾದೆ ತನಗೆ ಯಾರೂ ತೋರಿಸಿರಲಿಲ್ಲ ಎಂದನಂತೆ. ತೋಟಾಗಳನ್ನು ಕೂರಿಸಿದನಂತೆ. ಅದನ್ನೆತ್ತಿ, ತಲೆಕೆಳಗು ಮಾಡಿ, ನಡುಗುವ ಕೈಯಲ್ಲೇ ಅಲುಗಾಡಿಸಿದನಂತೆ. ಒಂದೂ ಬೀಳಲಿಲ್ಲ.

ಇದು ನಮ್ಮವರು ಆಮೇಲೆ ಹೇಳಿದ್ದು. ನಾನಂತೂ ಅಷ್ಟರಲ್ಲಿ ರೇಷ್ಮೆ ಸೀರೆಯುಟ್ಟು, ಹಿತ್ತಲಿನಲ್ಲಿ ಹೆಂಗಸರಿಗೆಂದು ಹಾಕಿದ್ದ ಡೇರೆಯಲ್ಲಿ, ಅಬು ಖಾಲಿದ್‌ನ ಹೆಂಡತಿ ಉಮ್ ಖಾಲಿದ್‌ಳ ಪಕ್ಕದಲ್ಲಿ ಕೂತಿದ್ದೆ. ನಮಗೆ ಗಂಡಸರ ಕುಣಿತ ಕಾಣುವ ಹಾಗಿರಲಿಲ್ಲ. ಬಟ್ಟೆಯ ಗೋಡೆಯಾಚೆಯಿಂದ ತಮಟೆ ಮಾತ್ರ ಕೇಳುತ್ತಿತ್ತು. ಉಮ್ ಖಾಲಿದ್ ವರನ ತಾಯಿ, ಮೈತುಂಬ ಚಿನ್ನ. ಆದರೂ ತಟ್ಟೆಯ ತಿಂಡಿ ಮುಟ್ಟದೆ, ನನ್ನ ಕೈಯನ್ನು ಬಿಗಿಯಾಗಿ ಹಿಡಿದು ಕೂತಿದ್ದಳು. ಮಾವ ನಗೆಗೀಡಾದರೆ ಮಗನ ಮದುವೆಯ ಸಂತೋಷ ಅವಳ ಬಾಯಿಗೆ ಹತ್ತುವ ಹಾಗಿರಲಿಲ್ಲ.

ತಮಟೆ ನಿಂತಿತು.

ಢಂ.

ಡೇರೆಯಲ್ಲಿದ್ದ ಮಕ್ಕಳು ಕಿರುಚಿದರು. ಮತ್ತೊಂದು. ಅಜ್ಜನ ಕೈ ನಿಧಾನ. ಒಂದಕ್ಕೂ ಇನ್ನೊಂದಕ್ಕೂ ನಡುವೆ ನಾನು ದೇವಿಯ ಮೂರು ಹೆಸರು ಹೇಳಿ ಮುಗಿಸುತ್ತಿದ್ದೆ. ಐದೂ ಹಾರಿದವು. ಆಮೇಲೆ ನಿಶ್ಶಬ್ದ. ಈಗ ಎರಡನೆಯ ಪಟ್ಟಿ, ಜನರ ಕಣ್ಣೆದುರಿಗೇ ತುಂಬಬೇಕು. ಉಮ್ ಖಾಲಿದ್‌ಳ ಬಳೆಗಳು ಸದ್ದು ಮಾಡುವುದನ್ನು ಬಿಟ್ಟವು. ನನಗೆ ಹೆಸರುಗಳು ಖಾಲಿಯಾಗಿ ಮತ್ತೆ ಮೊದಲಿನಿಂದ ಶುರುಮಾಡಿದೆ. ತಾಯಿ, ನಿನ್ನನ್ನು ಅರ್ಧಕ್ಕೆ ಏಳಿಸಿದ ಸಿಟ್ಟನ್ನು ನನ್ನ ಮೇಲೆ ತೀರಿಸಿಕೋ, ಆ ಮುದುಕನ ಮೇಲಲ್ಲ ಎಂದೆ.

ಢಂ.

ಉಮ್ ಖಾಲಿದ್ ನಾಲಿಗೆ ಹೊರಳಿಸಿ ಉಲುಲುಲು ಎಂದು ಕೂಗಿದ್ದು ನನ್ನ ಕಿವಿಯ ಪಕ್ಕದಲ್ಲೇ. ಬಂದೂಕಿಗಿಂತ ಅದೇ ಜೋರಾಗಿತ್ತು. ಡೇರೆಯ ಹೆಂಗಸರೆಲ್ಲ ಜೊತೆಗೂಡಿದರು. ನಾನೂ ಪ್ರಯತ್ನಿಸಿದೆ, ಕೆಮ್ಮು ಬಂತು.

ಕತ್ತಲಾಗುವ ಮುಂಚೆ ಮಹಡಿ ಹತ್ತುವಾಗ ನಮ್ಮವರು, "ನೋಡಿದೆಯಾ, ಇಕ್ಕಳದಲ್ಲಿ ನಾನು ಎಷ್ಟು ಹದವಾಗಿ ಅಮುಕಿದ್ದೆ" ಎಂದರು. ಮಾರನೆಯ ದಿನಕ್ಕೆ ವೀಳ್ಯದೆಲೆ ತರಲು ಹೋದರೆ ಅಂಗಡಿಯ ಬಾಗಿಲಲ್ಲೇ ಹಸನಬ್ಬ ಅಡ್ಡಹಾಕಿ, "ನಾನು ಹೇಳ್ಲಿಲ್ವಾ ಅಕ್ಕ, ತೆಂಗಿನೆಣ್ಣೆ ಕೆಲಸ ಮಾಡ್ಲಿಕ್ಕೆ ಸ್ವಲ್ಪ ದಿನ ಬೇಕು" ಎಂದ. ಇಬ್ಬರಿಗೂ ಹೂಂ ಅಂದೆ. ಖಾಲಿ ಪಟ್ಟಿಗಳು ರವಿಕೆಕಣದಲ್ಲಿ ಹಿಂದಿರುಗಿ ಬಂದಿದ್ದವು; ಕಾಲುವೆಯಲ್ಲಿ ಒಣಗಿದ್ದ ಗಂಧ ತೋಟಾದ ಬುಡ ಎಳೆದಷ್ಟೂ ಪುಡಿಪುಡಿಯಾಗಿ ಉದುರಿತ್ತು. ಸವೆದ ಅಂಚಿನ ಸಂದನ್ನು ಆ ಗಂಧವೇ ತುಂಬಿ ತೋಟಾ ಜಾರದಂತೆ ಹಿಡಿದಿದೆ, ಒತ್ತಿದಾಗ ಹಠ ಮಾಡದೆ ಬಿಟ್ಟಿದೆ. ತುಕ್ಕಿಗೆ ಹಿಡಿಯುವುದು ಗೊತ್ತಿತ್ತು, ಎಣ್ಣೆಗೆ ಬಿಡುವುದು ಗೊತ್ತಿತ್ತು. ಎರಡೂ ಗೊತ್ತಿರುವುದು ಕಷ್ಟ. ಆ ದಿನ ಮಧ್ಯಾಹ್ನ ದೇವರಮನೆಯ ಮುಂದೆ ನಿಂತಿದ್ದಾಗ ನನಗೂ ಕಷ್ಟವೇ ಆಗಿತ್ತು.

ಗಾಜಿನ ಕಪಾಟಿನಲ್ಲಿ ಉಮ್ ಖಾಲಿದ್ ಕಾಫಿ ಬಟ್ಟಲುಗಳನ್ನು ಜೋಡಿಸಿದಳು. ಅಜ್ಜ ಆಮೇಲಿನ ಮದುವೆಗಳಿಗೆಲ್ಲ ಒಂದು ದಿನ ಮೊದಲೇ ಆ ಡಬ್ಬಿಯನ್ನು ಮಹಡಿಗೆ ಕಳಿಸುತ್ತಿದ್ದ, ಸಂದಲ್ ಹಾಕಿಸಲು.

ಆ ಸಂಜೆ ನಾನು ಪಟ್ಟಿಗಳನ್ನು ಮತ್ತೆ ಅವುಗಳ ಜಾಗದಲ್ಲೇ ಹೂವಿನ ಕೆಳಗೆ ಮಲಗಿಸಿ, ಮಿಕ್ಕರ್ಧ ರಜೆ ಮುಗಿಸಿಕೊಳ್ಳಲಿ ಎಂದು ಬಾಗಿಲು ಮುಂದೆ ಮಾಡಿದೆ. ರೇಷ್ಮೆ ಸೀರೆ ಬಿಚ್ಚಿ ಗಾಳಿಗೆ ಹರವಿದೆ. ಮಾರನೆಯ ದಿನ ದಶಮಿ, ಗೊಂಬೆ ನೋಡಲು ಮಕ್ಕಳು ಬರುವವರು, ಉಸಲಿ ಆಗಬೇಕು. ಡಬ್ಬ ತೆಗೆದು ಕಡಲೆಕಾಳು ಮೊರಕ್ಕೆ ಸುರಿದುಕೊಂಡು, ಕಲ್ಲು ಆರಿಸುತ್ತ ಕೂತೆ.